ಕುಲುಮೆ, ಕೋವಿ ಮತ್ತು ಕಾಯಿದೆ: ಮನೆಯಲ್ಲಿ ತಯಾರಾಗುವ ಬಂದೂಕಿನ ಬಿಡಿಭಾಗಗಳ ಕಾನೂನು ಹಾಗೂ ಕಾರ್ಯಸಾಧ್ಯತೆಯ ಚರಿತ್ರೆ

ಪ್ರವೇಶ

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯುದ್ಧಗಳ ಚರಿತ್ರೆಯನ್ನೇ ಬರೆದಿದ್ದಾರೆ. ಆಯುಧವನ್ನು ಹಿಡಿದವರು ಯಾರು, ಗೆದ್ದವರು ಯಾರು, ಸೋತವರು ಯಾರು ಎಂಬ ಸಂಗತಿಗಳಿಗೆ ದೊರೆತಷ್ಟು ಪ್ರಾಶಸ್ತ್ಯವು ಅದನ್ನು ಮಾಡಿದವರು ಯಾರು, ಮಾಡುವ ಅಧಿಕಾರ ಅವರಿಗಿದ್ದುದು ಎಂದಿನವರೆಗೆ, ಅದು ತಪ್ಪಿದ್ದು ಹೇಗೆ ಎಂಬ ಪ್ರಶ್ನೆಗಳಿಗೆ ದೊರೆತಿಲ್ಲ. ಪ್ರಸ್ತುತ ಲೇಖನವು ಈ ಎರಡನೆಯ ಬಗೆಯ ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತದೆ. ಬಂದೂಕನ್ನಾಗಲಿ ಅದರ ಒಂದು ಬಿಡಿಭಾಗವನ್ನಾಗಲಿ ಮನೆಯ ಕುಲುಮೆಯಲ್ಲಿ ತಯಾರಿಸುವುದು ಯಾವ ಕಾಲದಲ್ಲಿ ಸಾಧ್ಯವಿತ್ತು ಮತ್ತು ಯಾವ ಕಾಲದಲ್ಲಿ ಸಕ್ರಮವಾಗಿತ್ತು ಎಂಬುದು ಇಲ್ಲಿನ ವಿಚಾರ.

ಉದಾಹರಣೆಗೆ ರೈಫಲಿನ ಮ್ಯಾಗಜಿನ್ ಎಂಬ ಭಾಗವನ್ನು ಗಮನಿಸಬಹುದು. ತೋಟಾಗಳನ್ನು ಒಂದರ ಮೇಲೊಂದರಂತೆ ತುಂಬಿಟ್ಟು, ಸ್ಪ್ರಿಂಗಿನ ಒತ್ತಡದಿಂದ ಒಂದೊಂದಾಗಿ ನಳಿಗೆಯ ಹಿಂಬದಿಗೆ ಒದಗಿಸುವ ತಗಡಿನ ಪುಟ್ಟ ಪೆಟ್ಟಿಗೆ ಇದು. ಅದರಿಂದ ಗುಂಡು ಹಾರುವುದಿಲ್ಲ. ಒಂಟಿಯಾಗಿ ಅದು ಯಾರಿಗೂ ಅಪಾಯಕಾರಿಯಲ್ಲ. ಹೀಗಿದ್ದರೂ ನಮ್ಮ ದೇಶದ ಕಾನೂನಿನಲ್ಲಿ ಅದನ್ನು ಪರವಾನಗಿಯಿಲ್ಲದೆ ತಯಾರಿಸುವುದು ಬಂದೂಕನ್ನೇ ತಯಾರಿಸಿದಷ್ಟು ದೊಡ್ಡ ಅಪರಾಧ. ಈ ಸ್ಥಿತಿ ಏರ್ಪಟ್ಟದ್ದು ಹೇಗೆ ಎಂಬುದನ್ನು ಅರಿಯಲು ಸುಮಾರು ಎರಡೂವರೆ ಶತಮಾನಗಳ ಹಿಂದಕ್ಕೆ ಹೋಗಬೇಕಾಗುತ್ತದೆ. ಕಾಯಿದೆಯು ಕೋವಿಯನ್ನು ಹಿಡಿದವನಿಗಿಂತ ಅದನ್ನು ಮಾಡುವವನನ್ನೇ ಹೆಚ್ಚು ಬಿಗಿಯಾಗಿ ಕಟ್ಟಿಹಾಕಿತು ಎಂಬುದು ಈ ಲೇಖನದ ಪ್ರತಿಪಾದನೆ. ಕರ್ನಾಟಕದ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನಗಳಿವೆ.

ಕುಲುಮೆಗೆ ದಕ್ಕುತ್ತಿದ್ದ ಕೋವಿ

ಹದಿನೆಂಟನೆಯ ಶತಮಾನದ ಬತ್ತಿಕೋವಿ ಮತ್ತು ಚಕಮಕಿ ಕೋವಿಗಳು ಕುಶಲಿಯಾದ ಕಮ್ಮಾರನ ಕೈಗೆ ದಕ್ಕುವ ವಸ್ತುಗಳಾಗಿದ್ದವು. ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸುತ್ತಿ, ಬೆಸೆದು ಮಾಡಿದ ನಳಿಗೆ, ಮರದ ಹಿಡಿ, ಬತ್ತಿಯನ್ನೋ ಚಕಮಕಿ ಕಲ್ಲನ್ನೋ ಹಿಡಿಯುವ ಕುದುರೆ, ಇಷ್ಟೇ ಅದರ ಮುಖ್ಯ ಅಂಗಗಳು. ಮದ್ದು ಮತ್ತು ಗುಂಡನ್ನು ಬಾಯಿಂದಲೇ ತುಂಬುತ್ತಿದ್ದುದರಿಂದ ಅಳತೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಆಯುಧ ನಿರುಪಯುಕ್ತವಾಗುತ್ತಿರಲಿಲ್ಲ. ಒಂದು ಕೋವಿಯ ಭಾಗ ಮತ್ತೊಂದಕ್ಕೆ ಹೊಂದಬೇಕೆಂಬ ನಿಯಮವೂ ಇರಲಿಲ್ಲ. ಪ್ರತಿಯೊಂದು ಕೋವಿಯೂ ಅದನ್ನು ಮಾಡಿದ ಕೈಯ ಗುರುತನ್ನು ಹೊತ್ತಿರುತ್ತಿತ್ತು.

ಕನ್ನಡ ನಾಡಿನಲ್ಲಿ ಇಂತಹ ಕೌಶಲಕ್ಕೆ ಅಗತ್ಯವಾದ ಲೋಹವಿದ್ಯೆ ಆಳವಾಗಿ ಬೇರೂರಿತ್ತು. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅನೇಕ ಕಡೆಗಳಲ್ಲಿ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯನ್ನು ಕಣ್ಣಾರೆ ಕಂಡು ವಿವರವಾಗಿ ದಾಖಲಿಸಿದ್ದಾನೆ. ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗೆ ಬಳಸುವ ಉಕ್ಕಿನ ತಂತಿ ತಯಾರಾಗುತ್ತಿದ್ದ ಸಂಗತಿಯೂ ಅವನಿಂದಲೇ ತಿಳಿಯುತ್ತದೆ. ಬುಕಾನನ್ ಬರುವ ಹೊತ್ತಿಗೆ ಟಿಪ್ಪುವಿನ ಆಳ್ವಿಕೆ ಮುಗಿದು ಒಂದು ವರ್ಷವಷ್ಟೇ ಕಳೆದಿತ್ತು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಮುಂತಾದೆಡೆ ಟಿಪ್ಪು ಆಯುಧ ಕಾರ್ಯಾಗಾರಗಳನ್ನು ನಡೆಸಿದ್ದನು. ೧೭೮೭–೮೮ರಲ್ಲಿ ಫ್ರಾನ್ಸಿಗೆ ಕಳುಹಿಸಿದ ರಾಯಭಾರಿಗಳ ಮೂಲಕ ಕುಶಲಕರ್ಮಿಗಳನ್ನು ಕರೆಯಿಸಿಕೊಳ್ಳಲು ಪ್ರಯತ್ನಿಸಿದುದೂ ಸುವಿದಿತ. ಮೌಲೂದಿ ಶಕೆಯ ವರ್ಷಗಳನ್ನೂ ಹುಲಿಪಟ್ಟೆಯ ಅಲಂಕಾರವನ್ನೂ ಹೊತ್ತ ಅವನ ಕಾಲದ ಚಕಮಕಿ ಕೋವಿಗಳು ಇಂದು ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೆಯ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಹೊರಬಂದುದು ಆ ಕಾಲದ ತಯಾರಿಕೆಯ ಪ್ರಮಾಣಕ್ಕೆ ಸಾಕ್ಷಿ.

ಇಲ್ಲಿ ಒಂದು ಅಂಶ ಗಮನಾರ್ಹ. ಈ ಕಾರ್ಯಾಗಾರಗಳು ಅರಸನ ಆಶ್ರಯದಲ್ಲಿದ್ದವು ಎಂಬುದು ನಿಜವಾದರೂ ಅಲ್ಲಿ ದುಡಿದವರ ವಿದ್ಯೆ ಅರಸನ ಸೊತ್ತಾಗಿರಲಿಲ್ಲ. ಅದು ಕುಲುಮೆಯಿಂದ ಕುಲುಮೆಗೆ, ತಂದೆಯಿಂದ ಮಗನಿಗೆ ಹರಿದುಬಂದ ವಿದ್ಯೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಾರ್ಯಾಗಾರಗಳು ಮುಚ್ಚಿದವು. ಆದರೆ ಗುದ್ದಲಿ, ನೇಗಿಲಗುಳ, ಕತ್ತಿಗಳನ್ನು ಮಾಡುವ ಕುಲುಮೆಗಳು ಉರಿಯುತ್ತಲೇ ಇದ್ದವು. ಕೋವಿಯನ್ನು ಮಾಡಬಲ್ಲ, ದುರಸ್ತಿ ಮಾಡಬಲ್ಲ ಕೈಗಳು ಊರೂರುಗಳಲ್ಲಿ ಉಳಿದೇ ಇದ್ದವು. ಮುಂದಿನ ಅರ್ಧ ಶತಮಾನದ ಬಳಿಕ ಬ್ರಿಟಿಷ್ ಆಡಳಿತವು ಎದುರಿಸಬೇಕಾಗಿ ಬಂದುದು ಈ ಚದುರಿದ ಸಾಮರ್ಥ್ಯವನ್ನೇ.

ಹಲಗಲಿಯ ಪಾಠ

೧೮೫೭ರ ದಂಗೆಯ ಬೆನ್ನಿಗೇ ಆ ವರ್ಷದ ಸೆಪ್ಟೆಂಬರಿನಲ್ಲಿ ಆಯುಧಗಳ ಆಮದು, ತಯಾರಿಕೆ, ಮಾರಾಟ ಮತ್ತು ಸ್ವಾಮ್ಯವನ್ನು ನಿಯಂತ್ರಿಸುವ ೨೮ನೆಯ ಕಾಯಿದೆ ಜಾರಿಗೆ ಬಂದಿತು. ಜನರ ಬಾಯಲ್ಲಿ ಇದು ನಿಶ್ಶಸ್ತ್ರೀಕರಣ ಕಾಯಿದೆಯೆಂದೇ ಪ್ರಸಿದ್ಧವಾಯಿತು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರಿಗೆ ಆಯುಧವು ಬೇಟೆಯ ಸಾಧನವಾಗಿತ್ತು, ಕಾವಲಿನ ಸಾಧನವಾಗಿತ್ತು, ಕುಲದ ಮರ್ಯಾದೆಯೂ ಆಗಿತ್ತು. ಅದನ್ನು ಒಪ್ಪಿಸಲು ಅವರು ನಿರಾಕರಿಸಿದರು. ನವೆಂಬರ್ ತಿಂಗಳ ಕೊನೆಯಲ್ಲಿ ಕಂಪನಿಯ ಸೈನ್ಯವು ಊರನ್ನು ಮುತ್ತಿ ಸುಟ್ಟಿತು. ಅನೇಕರು ಹತರಾದರು, ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ಶಾಸನತಜ್ಞ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯ ಬೇಡರನ್ನು ಕುರಿತುದೂ ಸೇರಿರುವುದರಿಂದ ಈ ಘಟನೆ ಜನಪದ ಸ್ಮೃತಿಯಲ್ಲಿ ಮಾತ್ರವಲ್ಲದೆ ಗ್ರಂಥಸ್ಥ ಆಕರವಾಗಿಯೂ ನಮಗೆ ಉಳಿದುಬಂದಿದೆ.

ಹಲಗಲಿಯನ್ನು ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಮಾತ್ರ ಇರಿಸಿ ನೋಡುವುದು ವಾಡಿಕೆ. ಕಾನೂನಿನ ಚರಿತ್ರೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ಮನೆಮನೆಯಿಂದ ಆಯುಧವನ್ನು ಕಿತ್ತುಕೊಳ್ಳಲು ಸೈನ್ಯ ಬೇಕಾಗುತ್ತದೆ, ರಕ್ತ ಹರಿಯುತ್ತದೆ. ಮತ್ತು ಕಿತ್ತುಕೊಂಡ ಆಯುಧದ ಜಾಗದಲ್ಲಿ ಇನ್ನೊಂದನ್ನು ಮಾಡಿಕೊಡುವ ಕುಲುಮೆ ಉಳಿದೇ ಇರುತ್ತದೆ. ಆಯುಧವನ್ನು ಹುಡುಕುವುದಕ್ಕಿಂತ ತಯಾರಿಕೆಯನ್ನು ತಡೆಯುವುದು ಆಡಳಿತಕ್ಕೆ ಸುಲಭವಾದ, ಸದ್ದಿಲ್ಲದ ದಾರಿ. ಮುಂದಿನ ಎರಡು ದಶಕಗಳ ಶಾಸನಗಳು ಈ ದಾರಿಯಲ್ಲಿಯೇ ನಡೆದುದನ್ನು ಕಾಣುತ್ತೇವೆ.

೧೮೭೮: ಬಿಡಿಭಾಗವೂ ಆಯುಧವಾದುದು

೧೮೬೦ರ ಕಾಯಿದೆಯ ತರುವಾಯ, ಲಾರ್ಡ್ ಲಿಟ್ಟನ್ ವೈಸರಾಯ್ ಆಗಿದ್ದಾಗ, ೧೮೭೮ರ ೧೧ನೆಯ ಕಾಯಿದೆಯಾಗಿ ಭಾರತೀಯ ಆಯುಧ ಕಾಯಿದೆ ಬಂದಿತು. ದೇಶಭಾಷಾ ಪತ್ರಿಕೆಗಳ ಕಾಯಿದೆಯೂ ಅದೇ ವರ್ಷದ್ದು ಎಂಬುದನ್ನು ಇಲ್ಲಿ ಸ್ಮರಿಸಬಹುದು. ಐರೋಪ್ಯರಿಗೆ ವಿನಾಯಿತಿ ನೀಡಿ ಭಾರತೀಯರಿಗೆ ಪರವಾನಗಿಯ ಕಟ್ಟು ಹಾಕಿದ ಜನಾಂಗೀಯ ತಾರತಮ್ಯದಿಂದಾಗಿ ಈ ಕಾಯಿದೆ ಕುಖ್ಯಾತವಾಯಿತು. ೧೮೮೭ರ ಮದರಾಸು ಅಧಿವೇಶನದಲ್ಲಿ ಕಾಂಗ್ರೆಸ್ಸು ಅದರ ತಿದ್ದುಪಡಿಗೆ ಒತ್ತಾಯಿಸಿತು. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಅದರ ವ್ಯಾಖ್ಯೆಯ ಕಲಮು. ಬಂದೂಕು, ಕತ್ತಿ, ಭರ್ಜಿ, ಭರ್ಜಿಯ ಅಲಗು, ಬಿಲ್ಲುಬಾಣ ಇವುಗಳ ಜೊತೆಗೆ ಆಯುಧಗಳ ಬಿಡಿಭಾಗಗಳನ್ನೂ ಆಯುಧ ತಯಾರಿಸುವ ಯಂತ್ರೋಪಕರಣಗಳನ್ನೂ ಅದು ‘ಆಯುಧ’ ಎಂಬ ಪದದೊಳಗೆ ಸೇರಿಸಿತು. ಐದನೆಯ ಕಲಮು ಪರವಾನಗಿಯಿಲ್ಲದ ತಯಾರಿಕೆ, ಪರಿವರ್ತನೆ ಮತ್ತು ಮಾರಾಟವನ್ನು ನಿಷೇಧಿಸಿತು. ಉಲ್ಲಂಘನೆಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ಗೊತ್ತುಪಡಿಸಲಾಯಿತು.

ಈ ವ್ಯಾಖ್ಯೆಯ ಪರಿಣಾಮ ದೂರಗಾಮಿಯಾದುದು. ಅಂಶವನ್ನು ಪೂರ್ಣಕ್ಕೆ ಸಮನೆಂದು ಎಣಿಸಿದ ಮೇಲೆ ಕುಲುಮೆಯಲ್ಲಿ ಬಡಿದ ಒಂದು ಕುದುರೆಯಾಗಲಿ ಒಂದು ತುಂಡು ನಳಿಗೆಯಾಗಲಿ ಕಾನೂನಿನ ಕಣ್ಣಿಗೆ ಕೋವಿಯೇ ಆಗುತ್ತದೆ. ಉಪಕರಣವನ್ನೂ ಸೇರಿಸಿದುದರಿಂದ ಕಮ್ಮಾರನ ಕೈಯಲ್ಲಿರುವ ವಸ್ತು ಯಾವಾಗ ಕಸುಬಿನ ಸಾಧನ, ಯಾವಾಗ ಅಪರಾಧದ ಸಾಕ್ಷ್ಯ ಎಂಬುದು ಅದರ ಉದ್ದೇಶವನ್ನು ನಿರ್ಧರಿಸುವ ಅಧಿಕಾರಿಯ ತೀರ್ಮಾನಕ್ಕೆ ಬಿಟ್ಟ ವಿಷಯವಾಯಿತು.

ದೇಶೀಯ ಸಂಸ್ಥಾನಗಳಿಗೂ ಇದೇ ನೀತಿ ಬೇರೆ ರೂಪದಲ್ಲಿ ತಲುಪಿತು. ೧೮೮೧ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಿದಾಗ ಬರೆದ ಹಸ್ತಾಂತರ ಪತ್ರದಲ್ಲಿ, ಅನುಮತಿಯಿಲ್ಲದೆ ಆಯುಧ ಮತ್ತು ಮದ್ದುಗುಂಡುಗಳನ್ನು ಆಮದು ಮಾಡಿಕೊಳ್ಳಕೂಡದು, ಗವರ್ನರ್ ಜನರಲ್ ಬಯಸಿದಾಗ ಸಂಸ್ಥಾನದಲ್ಲಿ ಅವುಗಳ ತಯಾರಿಕೆಯನ್ನು ನಿಷೇಧಿಸಬೇಕು ಎಂಬ ಷರತ್ತುಗಳಿದ್ದವು. ಒಂದು ಕಾಲಕ್ಕೆ ರಾಕೆಟ್ಟುಗಳಿಂದ ಕಂಪನಿಯ ಸೈನ್ಯವನ್ನು ಬೆದರಿಸಿದ್ದ ರಾಜ್ಯವು ಎಂಟು ದಶಕಗಳ ಬಳಿಕ ತಯಾರಿಕೆಯ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು ಸಿಂಹಾಸನವನ್ನು ಮರಳಿ ಪಡೆಯಿತು. ಕಮ್ಮಾರನಿಗೆ ಕಾಯಿದೆ, ಅರಸನಿಗೆ ಒಪ್ಪಂದ; ಎರಡರ ಗುರಿಯೂ ಒಂದೇ.

ಮ್ಯಾಗಜಿನ್ ರೈಫಲು: ಕಾರ್ಖಾನೆಯ ಕಾಲ

ಕಾಯಿದೆಯು ಕುಲುಮೆಯ ಬಾಗಿಲು ಮುಚ್ಚುತ್ತಿದ್ದ ಹೊತ್ತಿಗೇ ತಂತ್ರಜ್ಞಾನವೂ ಕುಲುಮೆಯಿಂದ ದೂರ ಸರಿಯತೊಡಗಿತ್ತು. ಅಮೆರಿಕದಲ್ಲಿ ಜೇಮ್ಸ್ ಪ್ಯಾರಿಸ್ ಲೀ ಎಂಬವನು ೧೮೭೯ರಲ್ಲಿ ರೈಫಲಿನ ಅಡಿಯಲ್ಲಿ ಕೂರುವ ಪೆಟ್ಟಿಗೆಯಾಕಾರದ ಮ್ಯಾಗಜಿನ್ನಿಗೆ ಹಕ್ಕುಪತ್ರ ಪಡೆದನು. ಅದನ್ನು ಆಧರಿಸಿದ ಲೀ-ಮೆಟ್‌ಫರ್ಡ್ ರೈಫಲನ್ನು ಬ್ರಿಟಿಷ್ ಸೈನ್ಯ ೧೮೮೮ರಲ್ಲಿ ಸ್ವೀಕರಿಸಿತು. ಮೊದಲ ಮಾದರಿಯ ಮ್ಯಾಗಜಿನ್ ೮ ತೋಟಾಗಳನ್ನೂ ಅನಂತರದ್ದು ೧೦ ತೋಟಾಗಳನ್ನೂ ಹಿಡಿಯುತ್ತಿತ್ತು. ೧೮೯೫ರಲ್ಲಿ ಇದರ ಸುಧಾರಿತ ರೂಪವಾದ ಲೀ-ಎನ್‌ಫೀಲ್ಡ್ ಬಂದಿತು. ನಮ್ಮ ಜನ ‘ತ್ರೀ ನಾಟ್ ತ್ರೀ’ ಎಂದು ಕರೆದು ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡದ್ದು ಈ ವಂಶದ ರೈಫಲುಗಳನ್ನೇ.

ನೋಟಕ್ಕೆ ಸರಳವಾದ ಈ ಪೆಟ್ಟಿಗೆ ತಯಾರಿಕೆಯಲ್ಲಿ ಸರಳವಲ್ಲ. ೩೦೩ ತೋಟಾದ ಬುಡದಲ್ಲಿ ಹೊರಚಾಚಿದ ಅಂಚೊಂದಿದೆ. ಒಂದರ ಅಂಚು ಇನ್ನೊಂದರ ಅಂಚಿನ ಹಿಂದೆ ಸಿಕ್ಕಿಬಿದ್ದರೆ ರೈಫಲು ಕೈಕೊಡುತ್ತದೆ. ಪೆಟ್ಟಿಗೆಯ ಓರೆ, ಬಾಯಂಚಿನ ಬಾಗು, ಸ್ಪ್ರಿಂಗಿನ ಹದ ಇವೆಲ್ಲ ಪರಸ್ಪರ ಹೊಂದಿ, ಪ್ರತಿಯೊಂದು ತೋಟಾವೂ ಒಂದೇ ಕೋನದಲ್ಲಿ ಮೇಲೇರಬೇಕು. ಹಳೆಯ ಕೋವಿಯಲ್ಲಿ ಕಮ್ಮಾರನ ಕಣ್ಣಳತೆ ಸಾಕಾಗಿತ್ತು. ಇಲ್ಲಿ ಅಚ್ಚು, ಒತ್ತುಯಂತ್ರ ಮತ್ತು ಅಳತೆಗೋಲುಗಳ ನಿಖರತೆ ಬೇಕಾಯಿತು. ಆರಂಭದ ಮಾದರಿಗಳಲ್ಲಿ ಸೈನ್ಯವೇ ಮ್ಯಾಗಜಿನ್ನನ್ನು ಸಣ್ಣ ಕೊಂಡಿಯೊಂದರಿಂದ ರೈಫಲಿಗೆ ಬಂಧಿಸಿತ್ತು. ಸೈನಿಕನು ತೋಟಾಗಳನ್ನು ಒಂದೊಂದಾಗಿ ತುಂಬಿ ಹಾರಿಸಿ, ಮ್ಯಾಗಜಿನ್ನಿನಲ್ಲಿರುವುದನ್ನು ಆಪತ್ಕಾಲಕ್ಕೆ ಕಾದಿರಿಸಬೇಕೆಂಬುದು ಆಗಿನ ಕ್ರಮ. ಕಲ್ಕತ್ತದ ಸಮೀಪದ ಇಶಾಪುರದಲ್ಲಿ ೧೯೦೪ರಲ್ಲಿ ಸ್ಥಾಪನೆಗೊಂಡ ಸರ್ಕಾರಿ ರೈಫಲ್ ಕಾರ್ಖಾನೆಯು ಈ ರೈಫಲುಗಳನ್ನು ಭಾರತದಲ್ಲಿಯೇ ತಯಾರಿಸಿತು. ೧೯೬೨ರ ಚೀನಾ ಯುದ್ಧದ ತರುವಾಯ ಇದೇ ಕಾರ್ಖಾನೆ ಹಳೆಯ ವಿನ್ಯಾಸವನ್ನು ೭.೬೨ ಮಿ.ಮೀ. ತೋಟಾಕ್ಕೆ ಹೊಂದಿಸಿದಾಗ ಮ್ಯಾಗಜಿನ್ನನ್ನು ಹೊಸದಾಗಿಯೇ ರೂಪಿಸಬೇಕಾಯಿತು. ಅಂಚಿಲ್ಲದ ತೋಟಾಕ್ಕೆ ಹಳೆಯ ಪೆಟ್ಟಿಗೆ ಹೊಂದಲಿಲ್ಲ.

ಹಾಗಾದರೆ ಕುಲುಮೆಗೆ ಇದು ಅಸಾಧ್ಯವಾಯಿತೇ ಎಂದು ಕೇಳಬಹುದು. ಅಸಾಧ್ಯವಲ್ಲ ಎಂಬುದಕ್ಕೆ ವಾಯವ್ಯ ಗಡಿಯ ದರ್ರಾ ಆದಮ್ ಖೇಲ್ ಪ್ರಸಿದ್ಧ ನಿದರ್ಶನ. ಕೊಹಾಟ್ ಕಣಿವೆಯ ಆಫ್ರೀದಿ ಕುಶಲಕರ್ಮಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಮಾರ್ಟಿನಿ-ಹೆನ್ರಿ ರೈಫಲುಗಳನ್ನೂ ಅನಂತರ ೩೦೩ ರೈಫಲುಗಳನ್ನೂ ಕೈ ಉಪಕರಣಗಳಿಂದಲೇ ನಕಲು ಮಾಡಿದರು. ಕಾರ್ಖಾನೆಯ ಮುದ್ರೆಗಳನ್ನೂ ಬಿಡದೆ ಕೊರೆದರು. ಬುಡಕಟ್ಟು ಪ್ರದೇಶವು ಬ್ರಿಟಿಷ್ ಭಾರತದ ಆಯುಧ ಕಾಯಿದೆಯ ವ್ಯಾಪ್ತಿಯಿಂದ ಹೊರಗಿದ್ದುದರಿಂದ ಅಲ್ಲಿ ಈ ಕಸುಬು ಬೀದಿಯಲ್ಲಿಯೇ ನಡೆಯಿತು. ಗಡಿಗೆರೆಯ ಈಚೆಗೆ ಸೆರೆಮನೆಗೆ ದಾರಿಯಾಗುವ ಕೆಲಸ ಆಚೆಗೆ ಜೀವನೋಪಾಯವಾಗಿತ್ತು. ಆದರೆ ಈ ರೈಫಲುಗಳ ದೌರ್ಬಲ್ಯವೂ ಪ್ರಸಿದ್ಧವಾದುದೇ. ಉಕ್ಕಿನ ಗುಣ ಅನಿಶ್ಚಿತ. ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಹೊಸ ಕಾಲದ ಹೊಗೆರಹಿತ ಮದ್ದಿನ ಒತ್ತಡಕ್ಕೆ ಕೆಲವು ಒಡೆದು ಹಾರಿಸಿದವನನ್ನೇ ಗಾಯಗೊಳಿಸುತ್ತಿದ್ದವು. ಕೈಯಿಂದ ಮಾಡಲು ಸಾಧ್ಯ, ನಂಬಲು ಕಷ್ಟ ಎಂಬುದು ದರ್ರಾದ ಅನುಭವದ ಸಾರ. ೨೦೧೮ರಲ್ಲಿ ಪಾಕಿಸ್ತಾನದ ಬುಡಕಟ್ಟು ಪ್ರದೇಶಗಳು ಖೈಬರ್ ಪಖ್ತುಂಖ್ವಾ ಪ್ರಾಂತದಲ್ಲಿ ವಿಲೀನವಾದ ಮೇಲೆ ಕಾನೂನಿನ ಆ ಹಳೆಯ ಗಡಿಗೆರೆಯೂ ಅಳಿಸಿಹೋಯಿತು.

ಇದಕ್ಕೆ ಹೋಲಿಸಿ ನೋಡಬಹುದಾದ ಇನ್ನೊಂದು ಸ್ಥಳ ಬಿಹಾರದ ಮುಂಗೇರ್. ಹದಿನೆಂಟನೆಯ ಶತಮಾನದಲ್ಲಿ ಮೀರ್ ಕಾಸಿಮನು ಅಲ್ಲಿ ಸ್ಥಾಪಿಸಿದ ಆಯುಧಾಗಾರದ ಪರಂಪರೆಯ ಕುಶಲಿಗಳು ಬ್ರಿಟಿಷರ ಕಾಲದಲ್ಲಿಯೂ ಸ್ವಾತಂತ್ರ್ಯಾನಂತರವೂ ಪರವಾನಗಿಯಡಿ ಬೇಟೆಯ ಕೋವಿಗಳನ್ನು ತಯಾರಿಸಿದರು. ಅದೇ ಊರಿನ ಹೆಸರು ಅಕ್ರಮ ನಾಡಪಿಸ್ತೂಲುಗಳಿಗೂ ಅಂಟಿಕೊಂಡಿರುವುದು ಪರವಾನಗಿ ವ್ಯವಸ್ಥೆಯ ಇತಿಮಿತಿಯನ್ನು ತೋರಿಸುತ್ತದೆ. ವಿದ್ಯೆಗೆ ಸಕ್ರಮವಾದ ಮಾರುಕಟ್ಟೆ ಕುಗ್ಗಿದಾಗ ಅದು ತಾನಾಗಿ ನಶಿಸುವುದಿಲ್ಲ. ಬೇರೆ ಮಾರ್ಗ ಹಿಡಿಯುತ್ತದೆ.

ಕೊಡಗಿನ ವಿನಾಯಿತಿ

ಈ ಚರಿತ್ರೆಯಲ್ಲಿ ಕೊಡಗಿನದು ವಿಶಿಷ್ಟ ಸ್ಥಾನ. ೧೮೩೪ರಲ್ಲಿ ಕಂಪನಿಯ ಆಳ್ವಿಕೆಗೆ ಸೇರಿದ ಕೊಡಗಿನಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ಜಮ್ಮಾ ಹಿಡುವಳಿಯ ಪದ್ಧತಿ ಮೊದಲಿನಿಂದಲೂ ಇತ್ತು. ಭೂಮಿಗೂ ಕೋವಿಗೂ ಅಲ್ಲಿ ನೇರ ಸಂಬಂಧವಿತ್ತೆಂದರೆ ತಪ್ಪಾಗಲಾರದು. ಕೊಡವರು ‘ತೋಕ್’ ಎಂದು ಕರೆಯುವ ಕೋವಿಯು ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯೊಳಗೆ ಪೂಜೆಗೊಳ್ಳುತ್ತದೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರುತ್ತದೆ, ಮಗು ಹುಟ್ಟಿದ ಸುದ್ದಿಯನ್ನೂ ಸಾವಿನ ಸುದ್ದಿಯನ್ನೂ ಊರಿಗೆ ಸಾರುತ್ತದೆ.

೧೮೬೧ರ ಫೆಬ್ರುವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆಯು ಕೊಡಗರ ನಿಷ್ಠೆಯನ್ನೂ ಪರಾಕ್ರಮವನ್ನೂ ಹೊಗಳಿ, ನಿಶ್ಶಸ್ತ್ರೀಕರಣ ಕಾಯಿದೆಯು ಅವರಿಗೆ ಅನ್ವಯಿಸುವುದಿಲ್ಲವೆಂದು ಘೋಷಿಸಿತು. ಹಲಗಲಿಯ ಘಟನೆ ನಡೆದು ಆಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಒಂದೇ ಕಾಯಿದೆಯು ಒಂದು ಕಡೆ ಕನ್ನಡ ಮಾತನಾಡುವ ಬೇಡರ ಊರನ್ನು ಸುಡುವುದಕ್ಕೂ ಇನ್ನೊಂದು ಕಡೆ ಪ್ರಶಂಸೆಯ ಮಾತುಗಳಿಂದ ವಿನಾಯಿತಿ ನೀಡುವುದಕ್ಕೂ ಕಾರಣವಾಯಿತು. ಆಯುಧದ ಹಕ್ಕು ಆ ಕಾಲದಲ್ಲಿ ಪ್ರಜೆಯ ಹಕ್ಕಾಗಿರದೆ ಆಳುವವರ ವಿಶ್ವಾಸಕ್ಕೆ ಸಲ್ಲುವ ಬಹುಮಾನವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಾಗಿಲ್ಲ.

ಸ್ವಾತಂತ್ರ್ಯಾನಂತರವೂ ವಿನಾಯಿತಿ ಮುಂದುವರಿಯಿತು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ ೨೦೧೯ರಲ್ಲಿ ಹತ್ತು ವರ್ಷಗಳ ಅವಧಿಗೆ, ಅಂದರೆ ೨೦೨೯ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ೨೦೨೧ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿ ವಿನಾಯಿತಿಯ ಸಿಂಧುತ್ವವನ್ನು ಎತ್ತಿಹಿಡಿಯಿತು. ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ೧೮೬೧ರ ಪ್ರಕಟಣೆಯು ಕಾಯಿದೆಯೇ ಅನ್ವಯಿಸದೆಂಬ ವಿಶಾಲವಾದ ಮಾತನ್ನಾಡಿದರೆ, ಈಗಿನ ವಿನಾಯಿತಿಯು ಆಯುಧವನ್ನು ಹೊಂದುವ ಮತ್ತು ಒಯ್ಯುವ ವಿಷಯಕ್ಕೆ ಸೀಮಿತ. ತಯಾರಿಕೆಗೆ, ಪರಿವರ್ತನೆಗೆ ಅದು ಅನ್ವಯಿಸುವುದಿಲ್ಲ. ಕೋವಿಯನ್ನು ನೆಲ್ಲಕ್ಕಿ ನಡುಬಾಡೆಯಲ್ಲಿ ಇರಿಸಿ ಪೂಜಿಸುವ ಮನೆತನಕ್ಕೆ ವಿನಾಯಿತಿ ಉಂಟು. ಅದಕ್ಕೊಂದು ಭಾಗವನ್ನು ಬಡಿದುಕೊಡುವ ಕಮ್ಮಾರನಿಗೆ ಇಲ್ಲ. ದೇಶದಲ್ಲಿಯೇ ಅತ್ಯಂತ ಉದಾರವಾದ ವಿನಾಯಿತಿಯೂ ಕುಲುಮೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ.

ಸ್ವತಂತ್ರ ಭಾರತದ ಕಾಯಿದೆ

ಆಯುಧ ಕಾಯಿದೆಯ ವಿರುದ್ಧದ ದನಿ ರಾಷ್ಟ್ರೀಯ ಚಳವಳಿಯ ಉದ್ದಕ್ಕೂ ಕೇಳಿಬಂದಿತ್ತು. ೧೯೩೦ರಲ್ಲಿ ಗಾಂಧೀಜಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ನೀಡಿಕೆಯೂ ಒಂದು. ೧೯೩೧ರ ಕರಾಚಿ ನಿರ್ಣಯವು ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿನಲ್ಲಿ ಸೇರಿಸಿತು. ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತ್ ಅದನ್ನೇ ನೆನಪಿಸಿ ತಿದ್ದುಪಡಿ ಸೂಚಿಸಿದರು, ಸಭೆ ಒಪ್ಪಲಿಲ್ಲ. ವಿಭಜನೆಯ ಹಿಂಸೆಯನ್ನು ಕಣ್ಣಮುಂದೆ ಕಂಡಿದ್ದ ಕಾಲವದು. ಸಂವಿಧಾನವು ಆಯುಧರಹಿತವಾಗಿ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ನೀಡಿ, ಆಯುಧ ಮತ್ತು ಮದ್ದುಗುಂಡುಗಳನ್ನು ಕೇಂದ್ರ ಪಟ್ಟಿಗೆ ಸೇರಿಸಿತು.

೧೯೫೯ರ ಆಯುಧ ಕಾಯಿದೆ ೧೯೬೨ರ ಅಕ್ಟೋಬರ್ ೧ರಂದು ಜಾರಿಗೆ ಬಂದಿತು. ಅದು ಜನಾಂಗೀಯ ತಾರತಮ್ಯವನ್ನು ಕೈಬಿಟ್ಟಿತು. ಕತ್ತಿ ಮುಂತಾದ ಹರಿತವಾದ ಆಯುಧಗಳಿಗೆ ಎಲ್ಲೆಡೆ ಪರವಾನಗಿ ಬೇಕೆಂಬ ನಿಯಮವನ್ನು ಇರಿಸಿಕೊಳ್ಳದೆ, ಅಧಿಸೂಚಿತ ಪ್ರದೇಶಗಳಿಗೆ ಮಾತ್ರ ಸೀಮಿತಗೊಳಿಸಿತು. ಗೃಹಕೃತ್ಯ ಮತ್ತು ಕೃಷಿಗಷ್ಟೇ ಬಳಕೆಯಾಗುವ ವಸ್ತುಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟಿತು. ಈ ಮಟ್ಟಿಗೆ ಅದು ೧೮೭೮ರ ಕಾಯಿದೆಗಿಂತ ಉದಾರವಾದುದು. ಆದರೆ ತಯಾರಿಕೆಯ ವಿಷಯದಲ್ಲಿ ಹಾಗಲ್ಲ. ಬಿಡಿಭಾಗಗಳೂ ತಯಾರಿಕೆಯ ಯಂತ್ರಗಳೂ ‘ಆಯುಧ’ವೆಂಬ ಹಳೆಯ ವ್ಯಾಖ್ಯೆ ಉಳಿಯಿತು. ಹಳೆಯ ಐದನೆಯ ಕಲಮು ತಯಾರಿಕೆ, ಪರಿವರ್ತನೆ ಮತ್ತು ಮಾರಾಟವನ್ನು ಹೆಸರಿಸಿದ್ದರೆ, ಹೊಸ ಐದನೆಯ ಕಲಮು ದುರಸ್ತಿಯನ್ನೂ ಪರೀಕ್ಷೆಯನ್ನೂ ಸ್ಪಷ್ಟವಾಗಿ ಹೆಸರಿಸಿ ಪರವಾನಗಿಗೆ ಒಳಪಡಿಸಿತು. ವಸಾಹತುಶಾಹಿಯ ಕಾಯಿದೆಯನ್ನು ಕಳಚಿದ ಸ್ವತಂತ್ರ ರಾಷ್ಟ್ರವು ಕಮ್ಮಾರನ ಮಟ್ಟಿಗೆ ಕಟ್ಟನ್ನು ಇನ್ನಷ್ಟು ಬಿಗಿದಂತಾಯಿತು.

ಮ್ಯಾಗಜಿನ್ನಿನ ಮಾತಿಗೆ ಬಂದರೆ, ಈ ಕಾಯಿದೆಯ ಎರಡು ಕಡೆಗಳನ್ನು ಒಟ್ಟಿಗೆ ಓದಬೇಕು. ಕುದುರೆಯನ್ನು ಒತ್ತಿ ಹಿಡಿದಷ್ಟು ಹೊತ್ತು, ಅಥವಾ ಮ್ಯಾಗಜಿನ್ ಬರಿದಾಗುವವರೆಗೆ, ಗುಂಡುಗಳನ್ನು ಹಾರಿಸುತ್ತಲೇ ಇರುವ ಬಂದೂಕು ನಿಷಿದ್ಧ ಆಯುಧವೆಂದು ವ್ಯಾಖ್ಯೆ ಹೇಳುತ್ತದೆ. ಅಂದರೆ ನಿಷಿದ್ಧ ಆಯುಧವನ್ನು ಗುರುತಿಸುವ ಮಾತಿನಲ್ಲಿ ಮ್ಯಾಗಜಿನ್ ಒಂದು ಅಳತೆಗೋಲು. ಇನ್ನೊಂದು ಕಡೆ, ೪೫ನೆಯ ಕಲಮು ಪೂರಕ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಚಿಕ್ಕಪುಟ್ಟ ಬಿಡಿಭಾಗಗಳನ್ನು ಹೊಂದಿರುವುದನ್ನೂ, ದುರಸ್ತಿ ಮಾಡಿದರೂ ಬಳಕೆಗೆ ಬಾರದ ಹಳೆಯ ಆಯುಧಗಳನ್ನು ಇಟ್ಟುಕೊಳ್ಳುವುದನ್ನೂ ಕಾಯಿದೆಯಿಂದ ಹೊರಗಿಡುತ್ತದೆ. ಅಜ್ಜನ ಕಾಲದ ತುಕ್ಕುಹಿಡಿದ ಭಾಗವೊಂದು ಅಟ್ಟದಲ್ಲಿದ್ದ ಮಾತ್ರಕ್ಕೆ ಮನೆಯ ಯಜಮಾನ ಅಪರಾಧಿಯಾಗಬೇಕಿಲ್ಲವೆಂಬ ವಿವೇಕ ಇದರಲ್ಲಿದೆ. ಆದರೆ ಈ ರಿಯಾಯಿತಿ ಹೊಂದಿರುವವನಿಗೆ ಮಾತ್ರ. ಹೊಸದಾಗಿ ತಯಾರಿಸುವವನಿಗೆ ಇದರ ಆಸರೆ ಸಿಗಲಾರದು. ೧೮೭೮ರಲ್ಲಿ ಮೂರು ವರ್ಷಗಳವರೆಗಿದ್ದ ಅಕ್ರಮ ತಯಾರಿಕೆಯ ಶಿಕ್ಷೆ ೨೦೧೯ರ ತಿದ್ದುಪಡಿಯಿಂದ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿಯವರೆಗೆ ಏರಿದೆ.

ಬೇರೆ ದೇಶಗಳ ಕಾನೂನು ಬೇರೆ ದಾರಿ ಹಿಡಿದುದುಂಟು. ಅಮೆರಿಕದ ೧೯೬೮ರ ಬಂದೂಕು ನಿಯಂತ್ರಣ ಕಾಯಿದೆಯು ಬಂದೂಕಿನ ಮೂಲ ಚೌಕಟ್ಟನ್ನು ಮಾತ್ರ ಬಂದೂಕೆಂದು ಎಣಿಸಿ, ಮ್ಯಾಗಜಿನ್ ಮುಂತಾದ ಭಾಗಗಳನ್ನು ಆ ವ್ಯಾಖ್ಯೆಯ ಹೊರಗೆ ಬಿಟ್ಟಿತು. ೧೯೯೪ರಲ್ಲಿ ೧೦ಕ್ಕಿಂತ ಹೆಚ್ಚು ತೋಟಾ ಹಿಡಿಯುವ ಹೊಸ ಮ್ಯಾಗಜಿನ್ನುಗಳ ಮೇಲೆ ಕೇಂದ್ರ ಕಾಯಿದೆ ನಿರ್ಬಂಧ ಹೇರಿತು. ೨೦೦೪ರಲ್ಲಿ ಅವಧಿ ಮುಗಿದು ಅದು ರದ್ದಾಯಿತು. ಅನಂತರ ಈ ವಿಷಯ ಆಯಾ ಸಂಸ್ಥಾನಗಳ ಕಾನೂನಿಗೆ ಸೇರಿತು. ಅಲ್ಲಿ ಚರ್ಚೆ ನಡೆದುದು ಪೆಟ್ಟಿಗೆ ಎಷ್ಟು ತೋಟಾಗಳನ್ನು ಹಿಡಿಯಬೇಕು ಎಂಬುದರ ಬಗ್ಗೆ. ಭಾರತದಲ್ಲಿ ಪ್ರಶ್ನೆ ಅದಕ್ಕೂ ಹಿಂದಿನದು: ಅದನ್ನು ಮಾಡುವ ಕೈ ಯಾರದು?

ಉಪಸಂಹಾರ

ಮಲೆನಾಡಿನ ಮತ್ತು ಕರಾವಳಿಯ ಕೃಷಿಕರ ಮನೆಗಳಲ್ಲಿ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳು ಇಂದಿಗೂ ಉಂಟು. ಹಂದಿ, ಮಂಗಗಳ ಹಾವಳಿಯಿಂದ ಬೆಳೆಯನ್ನು ಕಾಯಲು ಪಡೆದ ಪರವಾನಗಿ ಅವುಗಳಿಗಿದೆ. ಚುನಾವಣೆ ಬಂದಾಗ ಅವುಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುವ ಬವಣೆಯ ಬಗ್ಗೆ ಕೃಷಿಕರು ದೂರುವುದುಂಟು. ಅದಕ್ಕಿಂತ ಕಡಿಮೆ ಚರ್ಚೆಗೆ ಬಂದ ಬವಣೆ ಇನ್ನೊಂದಿದೆ. ಕೋವಿ ಸಕ್ರಮ, ಅದರ ಕುದುರೆ ಮುರಿದರೆ ಪಕ್ಕದ ಕುಲುಮೆಯಲ್ಲಿ ಸರಿಪಡಿಸಿಕೊಳ್ಳುವುದು ಅಕ್ರಮ. ಪರವಾನಗಿ ಪಡೆದ ದುರಸ್ತಿಗಾರನನ್ನು ಹುಡುಕಿ ಪಟ್ಟಣಕ್ಕೆ ಹೋಗಬೇಕು. ಹಳ್ಳಿಯ ಕಮ್ಮಾರನಿಗೆ ಆ ವಿದ್ಯೆ ತಿಳಿದಿದ್ದರೂ ತಿಳಿದಿದೆಯೆಂದು ಹೇಳಿಕೊಳ್ಳಲಾಗದ ಸ್ಥಿತಿ. ಹೇಳಿಕೊಳ್ಳಲಾಗದ ವಿದ್ಯೆಯನ್ನು ಮಗನಿಗೆ ಕಲಿಸುವುದೂ ಕಷ್ಟ.

ಆಯುಧದ ಮುಕ್ತ ತಯಾರಿಕೆಯನ್ನು ಸಮರ್ಥಿಸುವುದು ಈ ಲೇಖನದ ಉದ್ದೇಶವಲ್ಲ. ಅಕ್ರಮ ನಾಡಕೋವಿಗಳಿಂದ ಕಾಡಿನಲ್ಲಿಯೂ ಊರಿನಲ್ಲಿಯೂ ಆಗುವ ಅನಾಹುತವನ್ನು ಕಂಡವರು ಯಾರೂ ಹಾಗೆ ವಾದಿಸಲಾರರು. ದರ್ರಾದ ಒಡೆದ ನಳಿಗೆಗಳೂ ಮುಂಗೇರಿನ ಕಳ್ಳಪಿಸ್ತೂಲುಗಳೂ ನಿಯಂತ್ರಣದ ಅಗತ್ಯವನ್ನೇ ಹೇಳುತ್ತವೆ. ಆದರೆ ಚರಿತ್ರೆಕಾರನು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಮ್ಯಾಗಜಿನ್ ರೈಫಲಿನಂತಹ ಆಯುಧವು ಕುಲುಮೆಯ ಕೈಗೆ ನಿಲುಕದಂತಾದುದು ಮುಖ್ಯವಾಗಿ ತಂತ್ರಜ್ಞಾನದಿಂದ. ಕೇಪಿನ ಕೋವಿಯಂತಹ ಆಯುಧವು ಕುಲುಮೆಯಿಂದ ದೂರವಾದುದು ಕಾಯಿದೆಯಿಂದ. ೧೮೭೮ರ ಶಾಸನಕಾರರು ಈ ಎರಡನ್ನೂ ಒಂದೇ ವ್ಯಾಖ್ಯೆಯಲ್ಲಿ ಕಟ್ಟಿದರು. ಬಿಡಿಭಾಗವನ್ನೂ ಆಯುಧವೆಂದು ಕರೆದರು. ೧೯೫೯ರ ಶಾಸನಕಾರರು ಆ ಕಟ್ಟನ್ನು ಬಿಚ್ಚಲಿಲ್ಲ.

ಇದರಿಂದ ನಮ್ಮ ಅಧ್ಯಯನಕ್ಕೂ ನಷ್ಟವುಂಟಾಗಿದೆ. ಕನ್ನಡ ನಾಡಿನ ಕಮ್ಮಾರಿಕೆಯ ಬಗ್ಗೆ, ನೇಗಿಲು, ಗಾಡಿಯ ಹಳಿ, ದೀಪಗಳ ಬಗ್ಗೆ ವಿವರಗಳನ್ನು ಸಂಗ್ರಹಿಸಲು ಸಾಧ್ಯವಿದೆ. ಕೋವಿಯನ್ನು ಮಾಡಿದ ಕೈಗಳ ಬಗ್ಗೆ ಸಂಗ್ರಹಿಸಲು ಹೊರಟರೆ ಮೌನ ಎದುರಾಗುವುದು ಸಹಜ. ಮಾಹಿತಿ ನೀಡುವವನ ಮಾತೇ ಅವನ ವಿರುದ್ಧ ಸಾಕ್ಷ್ಯವಾಗಬಹುದೆಂಬ ಭಯ ಅಲ್ಲಿದೆ. ವಸ್ತುಸಂಗ್ರಹಾಲಯಗಳಲ್ಲಿಯೂ ಕೋವಿಗಳಿಗೆ ಒಡೆಯರ ಹೆಸರು ಇರುತ್ತದೆಯೇ ವಿನಾ ಮಾಡಿದವರ ಹೆಸರು ಅಪರೂಪ. ಸಕ್ರಮವಾಗಿ ಉಳಿದಿರುವ ಹಳೆಯ ಕೋವಿಗಳನ್ನು, ವಿಶೇಷವಾಗಿ ಕೊಡಗಿನ ಐನ್‌ಮನೆಗಳಲ್ಲಿರುವುದನ್ನು, ಆಯಾ ಮನೆತನಗಳ ಒಪ್ಪಿಗೆಯಿಂದ ಪರಿಶೀಲಿಸಿ, ನಳಿಗೆಯ ಬೆಸುಗೆ, ಗುರುತುಗಳು ಮತ್ತು ದುರಸ್ತಿಯ ಕಲೆಗಳನ್ನು ದಾಖಲಿಸುವ ಕಾರ್ಯವನ್ನು ಸಂಶೋಧಕರು ಕೈಗೊಳ್ಳಬಹುದಾಗಿದೆ. ಹಿಡಿದವರ ಚರಿತ್ರೆಯನ್ನು ನಾವು ಬರೆದಿದ್ದೇವೆ. ಮಾಡಿದವರ ಚರಿತ್ರೆ ಆ ಕಬ್ಬಿಣದ ಮೇಲೆ ಮಾತ್ರ ಉಳಿದಿದೆ. ಅದು ತುಕ್ಕು ಹಿಡಿಯುವ ಮೊದಲು ಓದಿಕೊಳ್ಳುವುದು ಅಗತ್ಯ.